ವೇಲ್ಸಿನ ದೊಡ್ಡ ಬೆಟ್ಟಕ್ಕೆ ಹೊರಟ ಮಕ್ಕಳಿಗೆ: ಅರ್ ವಿದ್ವಾ (ಸ್ನೋಡನ್) ಹತ್ತುವುದು ಹೇಗೆ, ನೋಡುವುದು ಹೇಗೆ?

ಮೇ ತಿಂಗಳು ಬಂತೆಂದರೆ ಅದೇ ಪ್ರಶ್ನೆ ಶುರು. ಬ್ರಿಟನ್ನಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಕೇಳುತ್ತಾರೆ, ರಜೆಗೆಂದು ಊರಿನಿಂದ ಬಂದ ಮಕ್ಕಳೂ ಕೇಳುತ್ತಾರೆ: “ಸ್ನೋಡನ್ ಬೆಟ್ಟ ಹತ್ತಬೇಕು, ಏನೇನು ಬೇಕು?” ಅದರ ಬೆನ್ನಿಗೇ ಇನ್ನೊಂದು: “ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಇದು ಬರೀ 1,085. ಇದರಲ್ಲೇನು ಕಷ್ಟ?”

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಮುಳ್ಳಯ್ಯನಗಿರಿಯಲ್ಲಿ ಗಾಡಿ ತುದಿಯ ಹತ್ತಿರದವರೆಗೂ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಇಲ್ಲಿ ಲಾನ್‌ಬೆರಿಸ್ ಊರಿನಿಂದ ಹೊರಟರೆ 975 ಮೀಟರ್ ಎತ್ತರವನ್ನು ನಿಮ್ಮ ಕಾಲೇ ಹತ್ತಬೇಕು. ಸಾಲದ್ದಕ್ಕೆ ಇದು ಕಡಲಿನ ಪಕ್ಕದ ಬೆಟ್ಟ. ಪಶ್ಚಿಮದಿಂದ ಬರುವ ಒದ್ದೆ ಗಾಳಿ ಮೊದಲು ಬಂದು ಬಡಿಯುವುದೇ ಇದಕ್ಕೆ. ಕೆಳಗೆ ಐಸ್‌ಕ್ರೀಂ ತಿನ್ನುವಂಥ ಬಿಸಿಲಿದ್ದ ದಿನವೇ ಮೇಲೆ ಹಲ್ಲು ಕಟಕಟ ಎನ್ನುವ ಚಳಿ ಇರಬಹುದು.

ಇದರಿಂದಲೇ ಇನ್ನೊಂದು ಮಾತು. ಈ ಬೆಟ್ಟದ ತುದಿ ಮೋಡದಲ್ಲಿ ಮುಳುಗಿರುವ ದಿನಗಳು ಬಹಳ. ತುದಿಯ ನೋಟ ಒಂದನ್ನೇ ನೆಚ್ಚಿಕೊಂಡು ಹೋದವರು ಬಿಳಿ ಗೋಡೆ ನೋಡಿ ಮುಖ ಸಣ್ಣದು ಮಾಡಿಕೊಂಡು ಇಳಿಯುತ್ತಾರೆ. ದಾರಿಯುದ್ದಕ್ಕೂ ಕಲ್ಲು, ಕಣಿವೆ, ಗೋಡೆ, ಕೆರೆ ನೋಡುತ್ತ ಹೋದ ಮಕ್ಕಳಿಗೆ ಮೋಡ ಕವಿದ ದಿನವೂ ಬೆಟ್ಟ ಸಿಗುತ್ತದೆ. ಹಾಗಾಗಿ ಎಲ್ಲಿ ಹುಷಾರಾಗಿರಬೇಕು ಎಂಬುದರ ಜೊತೆಗೆ ಎಲ್ಲಿ ನಿಂತು ಏನು ನೋಡಬೇಕು ಎಂಬುದನ್ನೂ ಬರೆದಿದ್ದೇನೆ. ಹತ್ತು ವರ್ಷ ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳಿಗೆ, ದೊಡ್ಡವರ ಜೊತೆಯಲ್ಲಿ ಹೋಗುವಾಗ, ಇದು ಸರಿಹೊಂದುತ್ತದೆ.

1. ಮೊದಲು ಹೆಸರು ಕಲಿಯಿರಿ

ಸ್ನೋಡನ್ ಎಂಬುದು ಇಂಗ್ಲಿಷ್ ಹೆಸರು. ಅಲ್ಲಿನ ಜನ ತಮ್ಮ ವೆಲ್ಷ್ ಭಾಷೆಯಲ್ಲಿ ಕರೆಯುವುದು ‘ಅರ್ ವಿದ್ವಾ’ ಎಂದು. ಸುತ್ತಲಿನ ಬೆಟ್ಟನಾಡಿಗೆ ‘ಎರರಿ’ ಎನ್ನುತ್ತಾರೆ. 1951ರಿಂದ ಅದು ರಾಷ್ಟ್ರೀಯ ಉದ್ಯಾನ. 2022ರ ನವೆಂಬರಿನಲ್ಲಿ ಉದ್ಯಾನದ ಆಡಳಿತವೇ ಇನ್ನು ಮುಂದೆ ಈ ಎರಡು ವೆಲ್ಷ್ ಹೆಸರುಗಳನ್ನೇ ಬಳಸುವುದೆಂದು ತೀರ್ಮಾನಿಸಿತು. ನೀವೂ ಅದೇ ಹೆಸರು ಹೇಳಿ. ಅಂಗಡಿಯವರ ಮುಖ ಅರಳುತ್ತದೆ.

‘ವಿದ್ವಾ’ ಎಂದರೆ ಸಮಾಧಿಯ ದಿಬ್ಬ. ರಿತಾ ಎಂಬ ರಾಕ್ಷಸನೊಬ್ಬ ರಾಜರನ್ನು ಸೋಲಿಸಿ, ಅವರ ಗಡ್ಡ ಬೋಳಿಸಿ, ಆ ಗಡ್ಡಗಳಿಂದಲೇ ತನಗೊಂದು ನಿಲುವಂಗಿ ಹೊಲಿಸಿಕೊಳ್ಳುತ್ತಿದ್ದನಂತೆ. ಕೊನೆಗೆ ಆರ್ಥರ್ ರಾಜನ ಗಡ್ಡಕ್ಕೇ ಕೈಹಾಕಲು ಹೋಗಿ ಸತ್ತ. ಅವನ ಹೆಣದ ಮೇಲೆ ಒಟ್ಟಿದ ಕಲ್ಲುರಾಶಿಯೇ ಬೆಟ್ಟದ ತುದಿ ಎಂಬುದು ಅಲ್ಲಿಯ ಕಥೆ.

ವೆಲ್ಷಿನಲ್ಲಿ ಕನ್ನಡದಲ್ಲಿಲ್ಲದ ಒಂದು ಸದ್ದಿದೆ. ಲಾನ್‌ಬೆರಿಸ್ ಎಂಬ ಹೆಸರಿನ ಮೊದಲ ಅಕ್ಷರ ಅದು. ನಾಲಿಗೆಯನ್ನು ‘ಲ’ ಹೇಳುವ ಜಾಗದಲ್ಲೇ ಇಟ್ಟು, ದನಿ ಹೊರಡಿಸದೆ, ನಾಲಿಗೆಯ ಎರಡೂ ಬದಿಯಿಂದ ಗಾಳಿ ಊದಿ. ಬೆಕ್ಕು ಬುಸುಗುಟ್ಟಿದ ಹಾಗೆ ಕೇಳಿಸಿದರೆ ಸರಿಯಾಗಿದೆ. ಬರೆಯುವಾಗ ನಾನು ಬರೀ ‘ಲ’ ಎಂದು ಬರೆದಿದ್ದೇನೆ.

ನಕ್ಷೆಯಲ್ಲಿ ಪದೇ ಪದೇ ಸಿಗುವ ಪದಗಳು ಇವು. ‘ಲಿನ್’ ಎಂದರೆ ಕೆರೆ. ‘ಬುಲ್ಖ್’ ಎಂದರೆ ಎರಡು ತುದಿಗಳ ನಡುವಿನ ತಗ್ಗು. ‘ಕ್ರೀಬ್’ ಎಂದರೆ ಬೆಟ್ಟದ ಏಣು. ‘ಕ್ಲೋಗ್ವಿನ್’ ಎಂದರೆ ಕಡಿದಾದ ಬಂಡೆ. ಫಲಕದಲ್ಲಿ ‘ಪೆರಿಗ್ಲ್’ ಎಂದು ಕಂಡರೆ ನಿಲ್ಲಿ. ಅದರ ಅರ್ಥ ಅಪಾಯ.

2. ದಾರಿ ಆರಿಸಿಕೊಳ್ಳಿ

ತುದಿಗೆ ಮುಖ್ಯವಾಗಿ ಆರು ಕಾಲುದಾರಿಗಳಿವೆ: ಲಾನ್‌ಬೆರಿಸ್, ಸ್ನೋಡನ್ ರೇಂಜರ್, ರೀಡ್ ದೀ, ವಾಟ್ಕಿನ್, ಪಿಗ್, ಮೈನರ್ಸ್. ಮೊದಲ ಸಲ ಹೋಗುವ ಮಕ್ಕಳಿಗೆ ಲಾನ್‌ಬೆರಿಸ್ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಹೋಗಿ ಬರಲು 14.5 ಕಿ.ಮೀ. ಆರರಲ್ಲಿ ಉದ್ದದ ದಾರಿ ಎಂದು ಕೆಲವರು ಮೂಗು ಮುರಿಯುತ್ತಾರೆ. ಉದ್ದ ಇರುವುದರಿಂದಲೇ ಏರು ನಿಧಾನ, ದಾರಿ ಅಗಲ, ಕೈಯೂರಿ ಹತ್ತುವ ಜಾಗವೂ ಇಲ್ಲ.

ಪೆನ್-ಅ-ಪಾಸ್ ಎಂಬ ಕಣಿವೆಯಿಂದ ಹೊರಡುವ ಪಿಗ್ ಮತ್ತು ಮೈನರ್ಸ್ ದಾರಿಗಳು ಚಿಕ್ಕವು. ಅಲ್ಲಿ 359 ಮೀಟರ್ ಎತ್ತರದಿಂದಲೇ ನಡಿಗೆ ಶುರುವಾಗುತ್ತದೆ. ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಪಿಗ್ ದಾರಿಯಲ್ಲಿ ಬುಲ್ಖ್ ಅ ಮೋಖ್ ಎಂಬ ತಗ್ಗಿನ ಬಳಿ ಇನ್ನೊಂದು ಜಾಡು ಬಲಕ್ಕೆ ಮೇಲೇರುತ್ತದೆ. ಅದು ಕ್ರೀಬ್ ಗೋಖ್ ಏಣಿನ ದಾರಿ. ಕತ್ತಿಯ ಅಲಗಿನಂಥ ಏಣು, ಎರಡೂ ಬದಿ ಪ್ರಪಾತ. ಮುಂದಿನವರು ಹೋದರೆಂದು ಹಿಂದೆ ಹೋಗಿ ಅಲ್ಲಿ ಸಿಕ್ಕಿಕೊಂಡವರು ಎಷ್ಟೋ ಜನ. ಬೆಟ್ಟದಲ್ಲಿ ಮುಂದಿನವರ ಬೆನ್ನು ನೋಡಿ ನಡೆಯಬೇಡಿ.

ಕಾರಿನಲ್ಲಿ ಹೋಗುವವರ ಗಮನಕ್ಕೆ: ಪೆನ್-ಅ-ಪಾಸ್‌ನಲ್ಲಿ ಸೀಸನ್ನಿನಲ್ಲಿ ಪಾರ್ಕಿಂಗ್ ಜಾಗವನ್ನು ಮೊದಲೇ ಬುಕ್ ಮಾಡಬೇಕು. ಇಲ್ಲದಿದ್ದರೆ ಊರಿನಲ್ಲೇ ಕಾರು ಬಿಟ್ಟು ‘ಶೆರ್ಪಾ’ ಹೆಸರಿನ ಬಸ್ಸು ಹಿಡಿಯಿರಿ.

3. ಮುಷ್ಟಿಯ ಮೇಲೆ ನಕ್ಷೆ

ಇದನ್ನು ಮನೆಯಲ್ಲೇ, ಹಿಂದಿನ ರಾತ್ರಿ ಮಾಡಿ. ಎಡಗೈ ಮುಷ್ಟಿ ಬಿಗಿಹಿಡಿದು ಮೇಜಿನ ಮೇಲಿಡಿ. ಬಾಲ್‌ಪೆನ್ನಿನಿಂದ ಒಂದೊಂದು ಗಿಣ್ಣಿನ ತುದಿಗೂ ಚಿಕ್ಕ ಉಂಗುರ ಬರೆಯಿರಿ. ಅದರ ಸುತ್ತ, ಸ್ವಲ್ಪ ಕೆಳಗೆ, ಇನ್ನೊಂದು. ಮತ್ತೂ ಕೆಳಗೆ ನಾಲ್ಕು ಗಿಣ್ಣನ್ನೂ ಸೇರಿಸಿ ಒಂದೇ ದೊಡ್ಡ ಗೆರೆ. ಈಗ ಮುಷ್ಟಿ ಬಿಚ್ಚಿ ಅಂಗೈ ಊರಿ. ಬೆಟ್ಟ ಹೋಯಿತು, ಗೆರೆ ಉಳಿಯಿತು. ನಕ್ಷೆ ಎಂದರೆ ಇದೇ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಈ ಗೆರೆಗಳಿಗೆ ‘ಸಮೋನ್ನತಿ ರೇಖೆ’ ಎನ್ನುತ್ತಾರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಸಮತಟ್ಟು. ಎರಡು ಗಿಣ್ಣಿನ ನಡುವಿನ ತಗ್ಗೇ ಬುಲ್ಖ್.

ಕೊಳ್ಳಬೇಕಾದದ್ದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ, ಸಂಖ್ಯೆ ಒಎಲ್ 17. ಅದರಲ್ಲಿ 4 ಸೆಂ.ಮೀ ಎಂದರೆ ನೆಲದ ಮೇಲೆ 1 ಕಿ.ಮೀ. ಗೆರೆಯಿಂದ ಗೆರೆಗೆ 10 ಮೀಟರ್ ಎತ್ತರ. ಫೋನಿನಲ್ಲಿ ನಕ್ಷೆ ಇದ್ದರೂ ಕಾಗದದ್ದು ಬೇಕು. ಚಳಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಎಷ್ಟು ಹೊತ್ತು ಬೇಕೆಂದು ನೀವೇ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇದು: 5 ಕಿ.ಮೀ. ನಡೆಯಲು ಒಂದು ಗಂಟೆ, 600 ಮೀಟರ್ ಏರಲು ಮತ್ತೊಂದು ಗಂಟೆ. ನಮ್ಮ ದಾರಿಯಲ್ಲಿ ಹತ್ತಲು 7.25 ಕಿ.ಮೀ., ಅಂದರೆ ಸುಮಾರು ಒಂದೂವರೆ ಗಂಟೆ. 975 ಮೀಟರ್ ಏರಿಗೆ ಇನ್ನೂ ಒಂದೂಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಒಟ್ಟು ಮೂರು ಗಂಟೆ. ಆದರೆ ಈ ಸೂತ್ರ ನಿಲ್ಲದೆ ನಡೆಯುವ ಗಟ್ಟಿ ಆಳಿನದು. ಮಕ್ಕಳಿದ್ದರೆ ಹತ್ತಲು ನಾಲ್ಕು, ಇಳಿಯಲು ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ನಿಶ್ಚಿಂತೆ.

4. ದಿನ ನೋಡಿ ಹೊರಡಿ

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಕ್ಕಳಿಗೆ ಒಳ್ಳೆಯ ಕಾಲ. ಏಪ್ರಿಲ್‌ನಲ್ಲೂ ಮೇಲೆ ಹಿಮ ಇರಬಹುದು. ಲಾನ್‌ಬೆರಿಸ್ ದಾರಿ ಸುಲಭ ಎಂದೆನಲ್ಲ, ಚಳಿಗಾಲದಲ್ಲಿ ಆ ಮಾತು ಸುಳ್ಳಾಗುತ್ತದೆ. ಕ್ಲೋಗ್ವಿನ್ ಕೋಖ್ ಎಂಬಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾಗುತ್ತದೆ, ಇಳಿಜಾರು ಕೆಳಗೆ ಹೋದಂತೆ ಇನ್ನೂ ಕಡಿದಾಗುತ್ತದೆ, ಜಾರಿದವರು ನಿಲ್ಲುವುದಿಲ್ಲ. ಅಲ್ಲಿ ಜೀವಗಳು ಹೋಗಿವೆ. ಹಿಮ ಇದೆ ಎಂದು ಗೊತ್ತಾದರೆ ಹೋಗಲೇಬೇಡಿ.

ಹಿಂದಿನ ಸಂಜೆ ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಪರ್ವತ ಮುನ್ಸೂಚನೆ ನೋಡಿ. ಊರಿನ ಹವಾಮಾನ ನೋಡಿ ಹೊರಡುವುದು ಎಲ್ಲರೂ ಮಾಡುವ ತಪ್ಪು. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಇಳಿಯುತ್ತದೆ, ಗಾಳಿ ಸೇರಿದರೆ ಇನ್ನೂ ಚಳಿ ಅನ್ನಿಸುತ್ತದೆ. ತುದಿಯಲ್ಲಿ ಗಾಳಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿ.ಮೀ. ದಾಟುತ್ತದೆ ಎಂದಿದ್ದರೆ ಮಕ್ಕಳನ್ನು ಕರೆದೊಯ್ಯಬೇಡಿ. ಆ ದಿನ ಕೆರೆಯ ಸುತ್ತ ನಡೆಯಿರಿ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

5. ಚೀಲದಲ್ಲಿ ಏನಿರಬೇಕು

ಜೀನ್ಸ್ ಬೇಡ, ಹತ್ತಿ ಬನಿಯನ್ನೂ ಬೇಡ. ಹತ್ತಿ ಒದ್ದೆಯಾದರೆ ಮೈಗಂಟಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಆಟದ ಬಟ್ಟೆ, ಅದರ ಮೇಲೊಂದು ಫ್ಲೀಸ್, ಎಲ್ಲದರ ಮೇಲೆ ನೀರು ಒಳಬಿಡದ ಜಾಕೆಟ್ ಮತ್ತು ಪ್ಯಾಂಟು. ಬೇಸಿಗೆಯಲ್ಲೂ ಟೋಪಿ, ಕೈಗವಸು. ಹಲ್ಲು ಹಲ್ಲು ಎಡತಾಕುವುದು, ಮಾತು ತೊದಲುವುದು, ಸುಮ್ಮಸುಮ್ಮನೆ ಎಡವುವುದು, ಮಂಕಾಗುವುದು ಇವೆಲ್ಲ ಹೈಪೋಥರ್ಮಿಯಾದ, ಅಂದರೆ ಮೈಯ ಬಿಸಿ ಅಪಾಯಕಾರಿಯಾಗಿ ಇಳಿಯುವುದರ ಗುರುತುಗಳು. ಜೊತೆಗಾರರಲ್ಲಿ ಇದು ಕಂಡರೆ ಒಣ ಬಟ್ಟೆ ಹಾಕಿಸಿ, ಸಿಹಿ ತಿನ್ನಿಸಿ, ಇಳಿಯಲು ಶುರು ಮಾಡಿ. “ಇನ್ನು ಸ್ವಲ್ಪವೇ ಇದೆ” ಎಂಬ ಮಾತು ಆಗ ಬೇಡ.

ಕಾಲಿಗೆ ಅಟ್ಟೆಯ ಅಚ್ಚು ಆಳವಾಗಿರುವ, ಮೊದಲೇ ಹಾಕಿ ಪಳಗಿದ ಬೂಟು. ಹೊಸ ಬೂಟು ಅಂದೇ ಹಾಕಿದರೆ ಹಿಮ್ಮಡಿ ಬೊಬ್ಬೆ ಖಚಿತ. ತಿನ್ನಲು ಚಪಾತಿ ಸುರುಳಿ, ಚಿಕ್ಕಿ, ಖರ್ಜೂರ, ಕಡಲೆಕಾಯಿ ಉಂಡೆ. ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು. ತಿಂದ ಬಾಳೆಹಣ್ಣಿನ ಸಿಪ್ಪೆಯೂ ಚೀಲದಲ್ಲೇ ವಾಪಸ್ ಬರಲಿ. ಆ ಚಳಿಯಲ್ಲಿ ಅದು ಊರಿನ ತಿಪ್ಪೆಯಲ್ಲಿ ಕೊಳೆತ ಹಾಗೆ ಬೇಗ ಕೊಳೆಯುವುದಿಲ್ಲ.

ಟಾರ್ಚ್, ಪವರ್ ಬ್ಯಾಂಕ್, ಬ್ಯಾಂಡೇಜ್, ಒಂದು ಸೀಟಿ. ಸೀಟಿ ಮಕ್ಕಳ ಕೊರಳಲ್ಲೇ ನೇತಾಡುತ್ತಿರಲಿ, ಚೀಲದ ತಳದಲ್ಲಿದ್ದರೆ ಉಪಯೋಗವಿಲ್ಲ. ತಪ್ಪಿಸಿಕೊಂಡರೆ ಇದ್ದಲ್ಲೇ ನಿಂತು ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಡಿ, ಮತ್ತೆ ಆರು. ಮೂರು ಸಲ ಊದಿದ ಸದ್ದು ಬಂದರೆ ಯಾರೋ ಕೇಳಿಸಿಕೊಂಡರೆಂದು ಅರ್ಥ, ಆದರೂ ಅವರು ಬಂದು ಮುಟ್ಟುವವರೆಗೆ ಊದುತ್ತಿರಿ. ಫೋನಿಗೆ ಸಿಗ್ನಲ್ ಸಿಕ್ಕರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ‘ಮೌಂಟನ್ ರೆಸ್ಕ್ಯೂ’ ಎನ್ನಿ. ನೇರವಾಗಿ ಆಂಬುಲೆನ್ಸ್ ಕೇಳಿದರೆ ಬೆಟ್ಟದ ತಂಡಕ್ಕೆ ಸುದ್ದಿ ಮುಟ್ಟಲು ತಡವಾಗಬಹುದು. ಬರುವವರು ಸ್ವಯಂಸೇವಕರು, ತಮ್ಮ ಮನೆ, ಕೆಲಸ ಬಿಟ್ಟು ಬರುವವರು. ಹಣ ಕೇಳುವುದಿಲ್ಲ.

6. ಹತ್ತುತ್ತ ನೋಡಿ

ಕೆರೆಯ ದಡ. ಹೊರಡುವ ಮೊದಲು ಲಿನ್ ಪಾಡರ್ನ್ ಕೆರೆಯ ಆಚೆ ದಡ ನೋಡಿ. ಗುಡ್ಡವನ್ನು ಯಾರೋ ದೈತ್ಯ ಮೆಟ್ಟಿಲುಗಳಾಗಿ ಕಡಿದ ಹಾಗಿದೆ. ಅದು ಡಿನೋರ್ವಿಕ್ ಸ್ಲೇಟು ಗಣಿ. ನಿಮ್ಮ ಅಜ್ಜ ಅಜ್ಜಿ ಬಳಪ ಹಿಡಿದು ಅಕ್ಷರ ತಿದ್ದಿದರಲ್ಲ, ಆ ಸ್ಲೇಟು ಇದೇ ಜಾತಿಯ ಕಲ್ಲು. ಕಡಲಿನ ತಳದ ಕೆಸರು ಭೂಮಿಯ ಒತ್ತಡಕ್ಕೆ ಸಿಕ್ಕಿ ಕಲ್ಲಾದದ್ದು. ಹಿಂಡಿದ ದಿಕ್ಕಿಗೆ ಅಡ್ಡಲಾಗಿ ಉಳಿ ಇಟ್ಟು ಹೊಡೆದರೆ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಮನೆಗಳ ಮಾಡಿಗೆ ಹೊದಿಸಲು ಇದು ದೇಶದೇಶಗಳಿಗೆ ಹೋಯಿತು. 1969ರಲ್ಲಿ ಗಣಿ ಮುಚ್ಚಿತು. 2021ರಲ್ಲಿ ವಾಯವ್ಯ ವೇಲ್ಸಿನ ಸ್ಲೇಟು ಸೀಮೆಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಡಾಂಬರಿನ ಏರು. ಮೊದಲ ಕಿಲೋಮೀಟರೇ ದಾರಿಯ ಕಡಿದಾದ ಏರುಗಳಲ್ಲೊಂದು. ಉತ್ಸಾಹದಲ್ಲಿ ಇಲ್ಲೇ ಓಡಿದ ಮಕ್ಕಳು ಅರ್ಧ ದಾರಿಯಲ್ಲಿ ಕೂತುಬಿಡುತ್ತಾರೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಡಾಂಬರು ಬಿಟ್ಟು ಎಡಕ್ಕೆ ಕಾಲುದಾರಿಗೆ ತಿರುಗುವ ಕಡೆ ಫಲಕವಿದೆ.

ಕುರಿಗೋಡೆಗಳು. ಸುಣ್ಣ, ಮಣ್ಣು ಏನೂ ಇಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಬೆಟ್ಟದ ಮೇಲಕ್ಕೂ ಹತ್ತಿಹೋಗುತ್ತವೆ. ಹಿಂದೆ ಇಲ್ಲಿಯ ಕುಟುಂಬಗಳಿಗೆ ಎರಡು ಮನೆ. ಚಳಿಗಾಲಕ್ಕೆ ಕಣಿವೆಯ ‘ಹೆಂಡ್ರೆ’, ಬೇಸಿಗೆಯಲ್ಲಿ ದನಕುರಿ ಹೊಡೆದುಕೊಂಡು ಹೋಗಿ ಇರಲು ಮೇಲಿನ ‘ಹಾವೊಡ್’. ತುದಿಯಲ್ಲಿ 2009ರಲ್ಲಿ ತೆರೆದ ಕಟ್ಟಡದ ಹೆಸರು ‘ಹಾವೊಡ್ ಎರರಿ’. ಅದು ಯಾಕೆ ಆ ಹೆಸರು ಎಂದು ಈಗ ನಿಮಗೆ ಗೊತ್ತು. ಗೋಡೆ ಹತ್ತಬೇಡಿ. ಗೇಟು ಹೇಗಿತ್ತೋ ಹಾಗೇ ಬಿಟ್ಟುಬನ್ನಿ.

ಕಪ್ಪು ಬಂಡೆ ಮತ್ತು ಕುಮ್. ಅರ್ಧ ದಾರಿಯ ಚಹಾ ಅಂಗಡಿ ದಾಟಿದ ಮೇಲೆ ಬಲಗಡೆ ಒಂದು ದೊಡ್ಡ ಕಪ್ಪು ಬಂಡೆ ಎದ್ದು ನಿಲ್ಲುತ್ತದೆ. ಅದು ಕ್ಲೋಗ್ವಿನ್ ಡೀರ್ ಆರ್ದಿ. ಇಲ್ಲಿ ಹತ್ತು ನಿಮಿಷ ಕೂರಿ, ಈ ದಾರಿಯ ಅತ್ಯುತ್ತಮ ಪಾಠ ಇಲ್ಲಿದೆ. ಬಂಡೆಯ ಬುಡದಲ್ಲಿ ತೋಳುಕುರ್ಚಿಯ ಹಾಗೆ ಒಂದು ಹಳ್ಳ, ಅದರ ಮಡಿಲಲ್ಲಿ ಕೆರೆ. ಇಂಥ ಹಳ್ಳಕ್ಕೆ ವೆಲ್ಷಿನಲ್ಲಿ ‘ಕುಮ್’ ಎನ್ನುತ್ತಾರೆ. ಹಿಮಯುಗದಲ್ಲಿ ನೆರಳಿನ ಮಗ್ಗುಲಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಕರಗದೆ ವರ್ಷದ ಮೇಲೆ ವರ್ಷ ಪೇರಿಸಿಕೊಂಡಿತು. ಭಾರಕ್ಕೆ ಗಟ್ಟಿಯಾಗಿ, ತನ್ನಷ್ಟಕ್ಕೆ ಕೆಳಗೆ ಹರಿಯತೊಡಗಿತು. ಅದೇ ಹಿಮನದಿ. ಅದು ಬೆನ್ನ ಹಿಂದಿನ ಬಂಡೆಯನ್ನು ಕಿತ್ತಿತು, ಕಿತ್ತ ಕಲ್ಲುಗಳನ್ನೇ ಹಿಡಿದು ನೆಲವನ್ನು ಉಜ್ಜಿತು. ಸುಮಾರು 11 ಸಾವಿರ ವರ್ಷದ ಹಿಂದೆ ಕೊನೆಯ ಮಂಜುಗಡ್ಡೆ ಕರಗಿದ ಮೇಲೆ ಹಳ್ಳ ಉಳಿಯಿತು, ನೀರು ತುಂಬಿತು. ಎವರೆಸ್ಟಿನಲ್ಲಿ ‘ವೆಸ್ಟರ್ನ್ ಕುಮ್’ ಎಂಬ ಕಣಿವೆ ಇದೆ. 1921ರಲ್ಲಿ ಆ ಹೆಸರಿಟ್ಟ ಜಾರ್ಜ್ ಮಲರಿ ಇದೇ ವೇಲ್ಸಿನ ಬಂಡೆಗಳಲ್ಲಿ ಹತ್ತಿ ಕಲಿತವನು. 1953ರ ಎವರೆಸ್ಟ್ ತಂಡವೂ ಈ ಬೆಟ್ಟದ ಆಚೆ ಬದಿಯ ಪೆನ್-ಅ-ಗುರಿಡ್ ಹೋಟೆಲಿನಲ್ಲಿ ತಂಗಿ ತಾಲೀಮು ಮಾಡಿತ್ತು.

ಕಣ್ಣೆದುರು ಇದ್ದದ್ದು ಕಾಣದೆ ಹೋಗುವುದು ದೊಡ್ಡವರಿಗೂ ಆಗುತ್ತದೆ. ಚಾರ್ಲ್ಸ್ ಡಾರ್ವಿನ್ 1831ರಲ್ಲಿ ಪಕ್ಕದ ಬೆಟ್ಟಸಾಲಿನ ಕುಮ್ ಇಡ್ವಲ್‌ಗೆ ಬಂದು, ಗಂಟೆಗಟ್ಟಲೆ ಬಂಡೆಗಳಲ್ಲಿ ಚಿಪ್ಪಿನ ಅಚ್ಚು ಹುಡುಕಿದ. ಹಿಮನದಿಯ ಗುರುತು ಒಂದೂ ಅವನ ಕಣ್ಣಿಗೆ ಬೀಳಲಿಲ್ಲ. 1842ರಲ್ಲಿ ಮತ್ತೆ ಬಂದಾಗ ಎಲ್ಲ ಕಡೆ ಅದೇ ಕಂಡಿತು. ನಡುವೆ ಹಿಮಯುಗದ ವಿಚಾರ ಹೊರಬಂದಿತ್ತು, ಏನನ್ನು ನೋಡಬೇಕೆಂದು ತಿಳಿದಿತ್ತು.

ನೀವೂ ಹುಡುಕಿ. ದಾರಿಬದಿಯಲ್ಲಿ ನುಣುಪಾದ ಬಂಡೆ ಕಂಡರೆ ಬೆರಳಿನಿಂದ ಸವರಿ. ಬಾಚಣಿಗೆ ಎಳೆದ ಹಾಗೆ ಒಂದೇ ದಿಕ್ಕಿಗೆ ಸಣ್ಣ ಗೀರುಗಳು ಸಿಕ್ಕರೆ, ಮಂಜುಗಡ್ಡೆ ಹರಿದ ದಿಕ್ಕು ನಿಮ್ಮ ಬೆರಳ ಕೆಳಗಿದೆ. ಬೂಟಿನ, ಕೋಲಿನ ಗೀರು ಬೆಳ್ಳಗಿರುತ್ತವೆ, ಅಡ್ಡಾದಿಡ್ಡಿ ಇರುತ್ತವೆ. ಮೋಸಹೋಗಬೇಡಿ.

ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಬಂಡೆಯ ಬುಡಕ್ಕೆ ಹೋಗುವ ಜಾಡು ಮುಖ್ಯ ದಾರಿಯಿಂದ ಬಲಕ್ಕೆ ಕವಲೊಡೆಯುತ್ತದೆ. ಮಂಜಿನಲ್ಲಿ ಅದನ್ನೇ ದಾರಿ ಎಂದುಕೊಳ್ಳುವವರಿದ್ದಾರೆ. ನಿಮ್ಮದು ನೇರ ಮೇಲಕ್ಕೆ ಏರುವ ಅಗಲ ದಾರಿ.

ಕ್ಲೋಗ್ವಿನ್ ಸೇತುವೆ. ದಾರಿ ರೈಲು ಹಳಿಯ ಕೆಳಗೆ ನುಸುಳಿ ಆಚೆ ಬಂದ ಕೂಡಲೇ ಎಡಗಡೆ ನೆಲವೇ ಮಾಯ. ನೂರಾರು ಮೀಟರ್ ಕೆಳಗೆ ಕಣಿವೆ. ಅಂಚಿಗೆ ಹೋಗಬೇಡಿ, ಗಾಳಿ ಇಲ್ಲಿ ತಟ್ಟನೆ ನುಗ್ಗುತ್ತದೆ. ಸೇತುವೆಗೆ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಕಣಿವೆಯ ಆಕಾರ ನೋಡಿ: ತಳ ಅಗಲ, ಗೋಡೆ ನೆಟ್ಟಗೆ, ಸೀಳಿದ ಕೊಳವೆಯ ಹಾಗೆ. ನದಿ ಕೊರೆದ ಕಣಿವೆ ತಳದಲ್ಲಿ ಚೂಪಾಗಿರುತ್ತದೆ. ಇದನ್ನೂ ಕೊರೆದದ್ದು ಹಿಮನದಿಯೇ.

ಇಲ್ಲಿಂದ ಮೇಲಿನ ಏರು ಕಾಲು ಸೋಲಿಸುತ್ತದೆ. ವಾಪಸ್ ತಿರುಗುವುದೋ ಮುಂದೆ ಹೋಗುವುದೋ ಎಂದು ದೊಡ್ಡವರು ತೀರ್ಮಾನಿಸಬೇಕಾದ ಜಾಗ ಇದೇ. ಮಧ್ಯಾಹ್ನ ಎರಡು ಗಂಟೆ ದಾಟಿದ್ದರೆ, ಗಾಳಿಗೆ ಮಗು ನಿಲ್ಲಲಾರದೆ ಇದ್ದರೆ, ತಿರುಗಿ. ಕುಮ್, ಗೀರು, ಕಣಿವೆ ಎಲ್ಲ ನೋಡಿಯಾಗಿದೆ.

ಬುಲ್ಖ್ ಗ್ಲಾಸ್. ತುದಿಗೆ ಮುಂಚಿನ ತಗ್ಗು ಇದು. ಆಳೆತ್ತರದ ಕಲ್ಲು ನೆಟ್ಟಿದೆ. ಮೋಡವಿಲ್ಲದಿದ್ದರೆ ಕೆಳಗೆ ಗ್ಲಾಸ್‌ಲಿನ್ ಎಂಬ ನೀಲಿಹಸಿರು ಕೆರೆ ಕಾಣುತ್ತದೆ. ಕಾನ್ವಿ ನದಿಯಲ್ಲಿ ಪ್ರವಾಹ ಎಬ್ಬಿಸಿ ಕಾಟ ಕೊಡುತ್ತಿದ್ದ ‘ಅವಾಂಕ್’ ಎಂಬ ನೀರುಭೂತವನ್ನು ಸರಪಳಿ ಬಿಗಿದು, ಎತ್ತು ಕಟ್ಟಿ, ಬೆಟ್ಟ ಹತ್ತಿಸಿ ಈ ಕೆರೆಯಲ್ಲಿ ಬಿಟ್ಟರೆಂದು ಜನಪದ ಕಥೆ. ಈ ಎತ್ತರದ ಬಂಡೆ ಸಂದುಗಳಲ್ಲಿ ಸ್ನೋಡನ್ ಲಿಲಿ ಎಂಬ ಪುಟ್ಟ ಬಿಳಿ ಹೂ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಎರರಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಡುಕಿಕೊಂಡು ದಾರಿ ಬಿಡಬೇಡಿ, ಅದಿರುವುದು ಮನುಷ್ಯರೂ ಕುರಿಗಳೂ ಮುಟ್ಟಲಾಗದ ಕಡೆ. ಅದಕ್ಕೇ ಉಳಿದಿದೆ.

ತುದಿ. ಬೇಸಿಗೆಯ ಶನಿವಾರ, ಭಾನುವಾರ ಮೇಲಿನ ಕಲ್ಲುಗುಪ್ಪೆ ಹತ್ತಲು ಸರದಿ ಸಾಲೇ ಇರುತ್ತದೆ. ಬಿಡುವಿದ್ದರೆ ವಾರದ ನಡುವೆ ಹೋಗಿ. ನೀವು ನಿಂತ ಕಲ್ಲು ಸುಮಾರು 45 ಕೋಟಿ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಬೂದಿ, ಕಡಲಿನಲ್ಲಿ ಬಿದ್ದು ಗಟ್ಟಿಯಾದದ್ದು. ಅದರ ನಡುವೆ ಕಡಲಚಿಪ್ಪಿನ ಅಚ್ಚುಗಳೂ ಸಿಕ್ಕಿವೆ. ವೇಲ್ಸಿನ ಅತಿ ಎತ್ತರದ ಜಾಗದಲ್ಲಿ ಕಡಲಿನ ತಳ! ಆ ಕಾಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಆರ್ಡೊವಿಷಿಯನ್’. ಉತ್ತರ ವೇಲ್ಸಿನಲ್ಲಿದ್ದ ಆರ್ಡೊವಿಸಿಸ್ ಎಂಬ ಪುರಾತನ ಬುಡಕಟ್ಟಿನಿಂದ ಬಂದದ್ದು. ಲೋಕದ ಯಾವ ಮೂಲೆಯಲ್ಲಿ ಆ ಕಾಲದ ಕಲ್ಲು ಸಿಕ್ಕಿದರೂ ಇಂದಿಗೂ ಇದೇ ಹೆಸರು. ಆಕಾಶ ತಿಳಿಯಾಗಿದ್ದರೆ ಕಡಲಾಚೆ ಐರ್ಲೆಂಡ್ ಕಾಣುತ್ತದೆ.

ಅಜ್ಜ ಅಜ್ಜಿ ಜೊತೆಗಿದ್ದರೆ ಅವರು ರೈಲಿನಲ್ಲಿ ಬರಬಹುದು. 1896ರಿಂದ ಓಡುತ್ತಿರುವ ಹಲ್ಲುಹಳಿಯ ರೈಲು ಅದು. ಮಧ್ಯದ ಹಲ್ಲುಪಟ್ಟಿಗೆ ಚಕ್ರ ಕಚ್ಚಿಕೊಂಡು ಹತ್ತುತ್ತದೆ. ಟಿಕೆಟ್ ಬಹಳ ಮೊದಲೇ ಬುಕ್ ಮಾಡಬೇಕು. ಗಾಳಿ ಜೋರಿದ್ದರೆ ರೈಲು ತುದಿಯವರೆಗೆ ಬರುವುದಿಲ್ಲ, ಆಗ ಮೇಲಿನ ಕಟ್ಟಡವೂ ಮುಚ್ಚಿರುತ್ತದೆ. “ಮೇಲೆ ಬಿಸಿ ಸಿಗುತ್ತೆ, ಸುಸ್ತಾದರೆ ರೈಲಿನಲ್ಲಿ ಇಳಿಯೋಣ” ಎಂದು ನಂಬಿ ಬರಿಗೈಯಲ್ಲಿ ಹತ್ತಬೇಡಿ.

7. ಇಳಿಯುವಾಗ ಹೆಚ್ಚು ಹುಷಾರು

ತುದಿಯಿಂದ ಹೊರಟಾಗ ಎಲ್ಲ ದಾರಿಯೂ ಒಂದೇ ಥರ ಕಾಣುತ್ತದೆ. ಮೊದಲು ಸಿಗುವ ನೆಟ್ಟಕಲ್ಲಿನ ಬಳಿ ಬಲಕ್ಕೆ ಇಳಿಯುವುದು ಪಿಗ್, ಮೈನರ್ಸ್ ದಾರಿ. ಇನ್ನೂ ಸ್ವಲ್ಪ ಮುಂದೆ ಎಡಕ್ಕೆ ಸ್ನೋಡನ್ ರೇಂಜರ್ ದಾರಿ. ಲಾನ್‌ಬೆರಿಸ್‌ಗೆ ಹೋಗುವವರು ಎರಡನ್ನೂ ಬಿಟ್ಟು, ರೈಲು ಹಳಿಯ ಜೊತೆಜೊತೆಗೇ ಸಾಗುವ ಅಗಲ ದಾರಿ ಹಿಡಿಯಬೇಕು. ತಪ್ಪಿದರೆ ನಿಮ್ಮ ಕಾರು ಒಂದು ಕಣಿವೆಯಲ್ಲಿ, ನೀವು ಇನ್ನೊಂದರಲ್ಲಿ. ಹತ್ತುವಾಗಲೇ ಆ ಕಲ್ಲಿನ ಬಳಿ ಹಿಂತಿರುಗಿ ನಿಂತು ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ. ಹಳಿಯ ಮೇಲೆ ನಡೆಯುವಂತಿಲ್ಲ.

ಬಿದ್ದು ಪಾದ ಹೊರಳಿಸಿಕೊಳ್ಳುವುದು ಹೆಚ್ಚಾಗಿ ಇಳಿಯುವಾಗಲೇ. ಮಂಡಿ ಸ್ವಲ್ಪ ಬಗ್ಗಿಸಿ, ಹೆಜ್ಜೆ ಗಿಡ್ಡವಾಗಿಡಿ. ಬೂಟಿನ ಲೇಸನ್ನು ಮೇಲೇ ಒಮ್ಮೆ ಬಿಗಿಮಾಡಿಕೊಂಡರೆ ಬೆರಳು ಮುಂದಕ್ಕೆ ಜಾರಿ ನೋಯುವುದಿಲ್ಲ. ಸ್ಲೇಟಿನಂಥ ನುಣುಪು ಕಲ್ಲು ಮಳೆಗೆ ಜಾರುತ್ತದೆ, ಒರಟು ಕಲ್ಲಿನ ಮೇಲೆ ಕಾಲಿಡಿ. ಕಲ್ಲು ಉರುಳಿಸುವ ಆಟ ಬೇಡವೇ ಬೇಡ, ಕೆಳಗಿನ ತಿರುವಿನಲ್ಲಿ ಜನ ಇರುತ್ತಾರೆ.

ಊರು ಮುಟ್ಟಿದ ಮೇಲೆ ಲಿನ್ ಪಾಡರ್ನ್ ದಡಕ್ಕೆ ಹೋಗಿ ಬೂಟು ಬಿಚ್ಚಿ, ಕಾಲು ನೀರಿಗಿಳಿಬಿಡಿ. ಒಂದು ನಿಮಿಷ ತಡೆದುಕೊಂಡರೆ ಶಹಭಾಸ್. ಈ ಕೆರೆಯ ಆಳದಲ್ಲಿ ‘ಟೋರ್‌ಗೋಖ್’ ಎಂಬ ಮೀನಿದೆ. ಹೆಸರಿನ ಅರ್ಥ ಕೆಂಪು ಹೊಟ್ಟೆ. ಉತ್ತರದ ಹಿಮಗಡಲಿನ ಜಾತಿ. ಹಿಮನದಿಗಳು ಕರಗಿದ ಕಾಲದಲ್ಲಿ ಇಲ್ಲಿಗೆ ಬಂದು, ಕಡಲಿಗೆ ಮರಳುವ ದಾರಿ ಇಲ್ಲದೆ, ಅಂದಿನಿಂದ ಇದೇ ತಣ್ಣನೆಯ ನೀರಿನಲ್ಲಿ ಉಳಿದುಕೊಂಡಿದೆ.